ಅಪ್ಪನ ಯೆಜ್ಡಿ, ಅಮ್ಮನ ಹೆಸರಿನ ಆರ್‌ಸಿ

ಊರಿನ ಮನೆ, ಎರಡು ಎಕರೆ ತೆಂಗಿನ ತೋಟ, ಬ್ಯಾಂಕಿನ ಠೇವಣಿ. ಇವುಗಳ ಮಾತು ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಅಪ್ಪ ಬಿಟ್ಟುಹೋದದ್ದರಲ್ಲಿ ಯಾರ ಪಾಲಿಗೂ ಸೇರದೆ ಉಳಿದದ್ದು ಕೊಟ್ಟಿಗೆಯಲ್ಲಿ ನಿಂತಿದ್ದ 1977ರ ಯೆಜ್ಡಿ 250. ಪುಣೆಯ ಅಪಾರ್ಟ್‌ಮೆಂಟಿನಲ್ಲಿ ನನಗಿರುವುದು ಒಂದೇ ಪಾರ್ಕಿಂಗ್, ಅಲ್ಲಿ ಕಾರಿದೆ. ತಮ್ಮ ಇರುವುದು ಶಾರ್ಜಾದಲ್ಲಿ. ಗುಜರಿಯವನು ಒಮ್ಮೆ ಬಂದು ನೋಡಿ ಆರು ಸಾವಿರ ಹೇಳಿ ಹೋಗಿದ್ದ. ಅಮ್ಮ ಅವನಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಈ ಪತ್ರಿಕೆ ಓದುವ ಅನೇಕರ ಊರಮನೆಯಲ್ಲೂ ಇಂಥದ್ದೊಂದು ಇರುತ್ತದೆ. ಚೇತಕ್ಕೋ, ಲ್ಯಾಂಬಿಯೋ, ಪದ್ಮಿನಿ ಕಾರೋ. ಹಬ್ಬಕ್ಕೆ ಹೋದಾಗ ಅದರ ಮೇಲಿನ ಗೋಣಿಚೀಲ ಸರಿಸಿ ನೋಡುತ್ತೇವೆ, "ರಿಸ್ಟೋರ್ ಮಾಡಿಸ್ಬೇಕು" ಅನ್ನುತ್ತೇವೆ, ರೈಲು ಹತ್ತುತ್ತೇವೆ. ನಾನು ಮಾಡಿಸಿದೆ. ಅದರ ಲೆಕ್ಕ, ಅಲೆದಾಟ ಮತ್ತು ಒಂದು ಜಗಳದ ಕಥೆ ಇದು.

ಗಾಡಿಯ ಬಗ್ಗೆ ಎರಡು ಮಾತು. ಇದು ನಮ್ಮ ಮೈಸೂರಿನದೇ ಕೂಸು. ಇರಾನಿ ಕುಟುಂಬದವರ ಐಡಿಯಲ್ ಜಾವಾ ಕಂಪನಿ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಜೆಕ್ ದೇಶದ ಜಾವಾ ಮೋಟರ್‌ಸೈಕಲ್‌ಗಳನ್ನು ಪರವಾನಗಿ ಪಡೆದು ತಯಾರಿಸುತ್ತಿತ್ತು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಟೂ ಸ್ಟ್ರೋಕ್ ಎಂಜಿನ್. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೊತ್ತಿಲ್ಲದವರು ಕಿಕ್ಕರ್ ಹುಡುಕುತ್ತ ಗಾಡಿಗೆ ಪ್ರದಕ್ಷಿಣೆ ಹಾಕುವುದನ್ನು ನೋಡುವುದೇ ಒಂದು ಮಜಾ. ಎಂಬತ್ತರ ದಶಕದಲ್ಲಿ ಜಪಾನಿ ಕಂಪನಿಗಳ ಜತೆಗೂಡಿ ತಯಾರಾದ, ಕಡಿಮೆ ಪೆಟ್ರೋಲ್ ಕುಡಿಯುವ 100 ಸಿಸಿ ಗಾಡಿಗಳು ಬಂದವು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಈಚೆಗೆ ಜಾವಾ, ಯೆಜ್ಡಿ ಹೆಸರಿನಲ್ಲಿ ಹೊಸ ಗಾಡಿಗಳು ಬಂದಿವೆ. ಅವು ಫೋರ್ ಸ್ಟ್ರೋಕ್, ಜಾತಿಯೇ ಬೇರೆ.

ಅಪ್ಪ ಪಶುಪಾಲನಾ ಇಲಾಖೆಯಲ್ಲಿ ಸ್ಟಾಕ್‌ಮನ್. ಅರಸೀಕೆರೆ ಸುತ್ತಿನ ಹಳ್ಳಿಗಳಲ್ಲಿ ಅವರು "ದನಿನ್ ಡಾಕ್ಟ್ರು". ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಲು ವೀರ್ಯದ ನಳಿಕೆಗಳನ್ನು ದ್ರವ ನೈಟ್ರೋಜನ್ ತುಂಬಿದ ಕ್ಯಾನಿನಲ್ಲಿ ಒಯ್ಯಬೇಕು. ಕ್ಯಾನು ಉರುಳುವಂತಿಲ್ಲ. ಅದಕ್ಕಾಗಿ ಅಪ್ಪ ಸೀಟಿನ ಹಿಂದೆ ಕಬ್ಬಿಣದ ಕಂಬಿಯ ಒಂದು ಗೂಡು ವೆಲ್ಡ್ ಮಾಡಿಸಿದ್ದರು. ನೋಡಲು ಕುರೂಪಿ. ಈ ಗೂಡಿನ ಕಥೆ ಮುಂದೆ ಬರುತ್ತದೆ, ಜಗಳ ಆದದ್ದು ಅದರ ಮೇಲೆಯೇ.

ಹಳೆ ಗಾಡಿ ಅಂದಕೂಡಲೇ ಎಲ್ಲರ ಕೈ ಸ್ಪ್ಯಾನರಿಗೆ ಹೋಗುತ್ತದೆ. ಹೋಗಬೇಕಾದ್ದು ಬೀರುವಿನ ಫೈಲಿಗೆ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, 3 ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು ಎನ್ನುತ್ತದೆ ನಿಯಮ. ಸೂತಕದ ದಿನಗಳಲ್ಲಿ ಯಾವ ಮನೆಯಲ್ಲಿ ಆರ್‌ಸಿ ಪುಸ್ತಕ ನೆನಪಾಗುತ್ತದೆ? ಅಪ್ಪ ಹೋದದ್ದು 2021ರಲ್ಲಿ. ನಾವು ಫೈಲು ಬಿಚ್ಚಿದ್ದು 2024ರ ಜನವರಿಯಲ್ಲಿ. ಬಿಚ್ಚಿದ್ದು ಒಳ್ಳೆಯದಾಯಿತು, ಏಕೆಂದರೆ ಅಪ್ಪ 2019ರಲ್ಲಿ ಕೊನೆಯ ಸಲ ಮಾಡಿಸಿದ್ದ ನವೀಕರಣ ಆ ವರ್ಷದ ನವೆಂಬರಿಗೆ ಮುಗಿಯುವುದರಲ್ಲಿತ್ತು. 15 ವರ್ಷ ದಾಟಿದ ಗಾಡಿಗೆ ಪ್ರತಿ 5 ವರ್ಷಕ್ಕೊಮ್ಮೆ ನವೀಕರಣ ಆಗಬೇಕು. 2022ರ ಏಪ್ರಿಲ್‌ನಲ್ಲಿ ಬೈಕುಗಳಿಗೆ ಅದರ ಶುಲ್ಕ 300ರಿಂದ 1,000 ರೂಪಾಯಿಗೆ ಏರಿತು. ಅದಕ್ಕಿಂತ ಕಚ್ಚುವುದು ದಂಡ: ತಡವಾದ ಪ್ರತಿ ತಿಂಗಳಿಗೆ 300. ಹತ್ತು ವರ್ಷ ಮರೆತ ಗಾಡಿಗೆ ಎಷ್ಟಾಗುತ್ತದೆ, ನೀವೇ ಗುಣಿಸಿ ನೋಡಿ. ಎಷ್ಟೋ ಒಳ್ಳೆಯ ಗಾಡಿಗಳು ಗುಜರಿಗೆ ಹೋಗುವುದು ಎಂಜಿನ್ ಸತ್ತು ಅಲ್ಲ, ಕಾಗದ ಸತ್ತು.

ನಾಡಕಚೇರಿಯಲ್ಲಿ ವಂಶವೃಕ್ಷ, ಮರಣ ಪ್ರಮಾಣಪತ್ರ, ನನ್ನದೂ ತಮ್ಮನದೂ ಒಪ್ಪಿಗೆಯ ಅಫಿಡವಿಟ್, ಹೊಸ ವಿಮೆ. ಗಾಡಿ ಯಾರ ಹೆಸರಿಗೆ? ನನ್ನ ಹೆಸರಿಗೆ ಮಾಡಿಸಿ ಪುಣೆಗೆ ತರಬಹುದಿತ್ತು. ಆದರೆ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ಹೊಸ ನಂಬರ್ ಹಾಕಿಸಲೇಬೇಕು. ಹೊರನಾಡಿನಲ್ಲಿರುವ ನಮಗೆಲ್ಲ ಈ ನಿಯಮದ ಬಿಸಿ ಗೊತ್ತಿದ್ದದ್ದೇ. ಅಪ್ಪನ ಗಾಡಿಯದು ಕೆಎ ಹುಟ್ಟುವುದಕ್ಕೂ ಹಿಂದಿನ, ಎಂವೈ ಎಂದು ಶುರುವಾಗುವ ನಂಬರ್. ಮೈಸೂರು ರಾಜ್ಯ ಕರ್ನಾಟಕವಾಗಿ ನಾಲ್ಕು ವರ್ಷದ ಮೇಲೂ ನಡೆಯುತ್ತಿದ್ದ ಸರಣಿ. ಅದನ್ನು ಕಿತ್ತು ಎಂಹೆಚ್ 12 ಬರೆಸುವುದು ನನಗೆ ಒಗ್ಗಲಿಲ್ಲ. ಹಾಗಾಗಿ ಸೈಕಲ್ಲನ್ನೂ ತುಳಿಯದ ಅಮ್ಮ 66ನೇ ವಯಸ್ಸಿನಲ್ಲಿ 250 ಸಿಸಿ ಮೋಟರ್‌ಸೈಕಲ್ಲಿನ ಮಾಲೀಕರಾದರು.

ಕಚೇರಿಯಲ್ಲಿ ಒಂದು ತೊಡಕು. ಹಳೆಯ ರಿಜಿಸ್ಟರಿನ ಗಾಡಿಯ ವಿವರ ಕಂಪ್ಯೂಟರಿನ ವಾಹನ್ ವ್ಯವಸ್ಥೆಯಲ್ಲಿ ಅರ್ಧಂಬರ್ಧ ಇತ್ತು. ಚಾಸಿ ನಂಬರಿನ ಒಂದು ಅಂಕಿ ಬಿಟ್ಟುಹೋಗಿತ್ತು. ತಿದ್ದಿಸಲು ಆರ್‌ಸಿ ಪುಸ್ತಕ ಮತ್ತು ಫ್ರೇಮಿನ ಮೇಲಿನ ನಂಬರಿಗೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದ ಗುರುತು ಎರಡನ್ನೂ ಒಯ್ದೆ. ಇಲ್ಲೊಂದು ಮಾತು, ದಯವಿಟ್ಟು ನೆನಪಿಟ್ಟುಕೊಳ್ಳಿ. ಪೇಂಟರ್ ಕೈಗೆ ಫ್ರೇಮ್ ಕೊಡುವ ಮೊದಲು ಆ ನಂಬರಿನ ಮೇಲೆ ಟೇಪ್ ಅಂಟಿಸಿ. ತುಕ್ಕು ತೆಗೆಯುವ ಗ್ರೈಂಡರಿಗೆ ಅಂಕಿ ಯಾವುದು, ತುಕ್ಕು ಯಾವುದು ಎಂದು ತಿಳಿಯುವುದಿಲ್ಲ. ಆ ಅಂಕಿಗಳು ಅಳಿಸಿದರೆ ನಿಮ್ಮ ಬಳಿ ಇರುವುದು ಗಾಡಿಯಲ್ಲ, ಕಬ್ಬಿಣ.

ಇನ್ನು ಎಂಜಿನ್. ಟಾಟಾ ಏಸ್‌ನಲ್ಲಿ ಮೈಸೂರಿಗೆ ಸಾಗಿಸಿದೆವು. ಅಲ್ಲಿನ ಮೇಸ್ತ್ರಿಗಳಿಗೆ ಎಪ್ಪತ್ತು ದಾಟಿದೆ. ಹರೆಯದಲ್ಲಿ ಯಾದವಗಿರಿಯ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದವರು. ಕೊಟ್ಟಿಗೆಯ ಹೆಂಚು ಸೋರಿ ಸಿಲಿಂಡರಿಗೆ ತೇವ ಇಳಿದು ಪಿಸ್ಟನ್ ಕಚ್ಚಿಕೊಂಡಿತ್ತು. ನಾನು ಲಿವರಿನ ಮೇಲೆ ಕಾಲಿಡುವುದನ್ನು ನೋಡಿ ಅವರು ಅಂದರು: "ಒದೀಬೇಡಿ ಸಾರ್. ಮೊದ್ಲು ಒಂದ್ ವಾರ ಡೀಸೆಲ್ ಕುಡೀಲಿ." ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ಲೂ ಎಣ್ಣೆಯೂ ಬೆರೆಸಿ ಹುಯ್ದರು. ಎಂಟನೆಯ ದಿನ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದಾಗ ಪಿಸ್ಟನ್ ಜಾರಿತು. ಅವಸರದಲ್ಲಿ ಒದ್ದಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತಿತ್ತು, ಇಲ್ಲವೇ ರಿಂಗು ಮುರಿದು ಗೋಡೆಯನ್ನು ಗೀರುತ್ತಿತ್ತು.

ಟೂ ಸ್ಟ್ರೋಕ್ ಎಂಜಿನ್ ನೋಡಲು ಸರಳ. ವಾಲ್ವಿಲ್ಲ, ಕ್ಯಾಮಿಲ್ಲ. ಅದಕ್ಕೇ ಜನ ಮೋಸ ಹೋಗುತ್ತಾರೆ. ಇದರಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಕೆಳಗೆ ಕ್ರ್ಯಾಂಕ್‌ಕೇಸಿಗೆ ಬರುತ್ತದೆ, ಪಿಸ್ಟನ್ ಇಳಿಯುವಾಗ ಅಲ್ಲಿ ಒತ್ತಿಸಿಕೊಂಡು ಮೇಲಕ್ಕೆ ಏರುತ್ತದೆ. ಅಂದರೆ ಕೆಳಗಿನ ಕೋಣೆಯೂ ಗಾಳಿಯಾಡದಂತೆ ಮುಚ್ಚಿರಬೇಕು. ಆ ಕಾವಲು ಕೆಲಸ ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲುಗಳದು. ನಿಂತ ಗಾಡಿಯಲ್ಲಿ ಅವು ಒಣಗಿ ಕಲ್ಲಾಗುತ್ತವೆ. ಡೈನಮೋ ಕಡೆಯದು ಸೋರಿದರೆ ಹೊರಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾದು ಪಿಸ್ಟನ್ ಮತ್ತೆ ಕಚ್ಚುತ್ತದೆ. ಕ್ಲಚ್ ಕಡೆಯದು ಸೋರಿದರೆ ಗೇರ್‌ಬಾಕ್ಸಿನ ಎಣ್ಣೆಯನ್ನೇ ಎಳೆದುಕೊಂಡು ಬೆಳ್ಳಗೆ ಹೊಗೆ ಕಾರುತ್ತದೆ. ಬರೀ ಪಿಸ್ಟನ್ ಹಾಕಿಸಿ, ಸೀಲು ಬಿಟ್ಟು, ಬಣ್ಣ ಹೊಡೆದು "ಫುಲ್ ರಿಸ್ಟೋರ್ಡ್" ಎಂದು ಮಾರುವ ಗಾಡಿಗಳು ಮೂರನೇ ತಿಂಗಳಿಗೆ ನಿಲ್ಲುವ ಗುಟ್ಟು ಇದೇ. ನಾವು ಕ್ರ್ಯಾಂಕನ್ನೇ ಹೊರತೆಗೆದು ಬೇರಿಂಗು, ಸೀಲು ಎಲ್ಲ ಬದಲಿಸಿದೆವು. ಸಿಲಿಂಡರನ್ನು ಕೊರೆಸಿ ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಕೂರಿಸಿದೆವು.

ಕೆಲಸದಲ್ಲಿ ನಾನು ನಿತ್ಯ ನೋಡುವುದು ಇಪ್ಪತ್ತು ವರ್ಷ ಹಳೆಯ ಬ್ಯಾಂಕಿಂಗ್ ಕೋಡನ್ನು. ಬರೆದವರಿಲ್ಲ, ದಾಖಲೆಯಿಲ್ಲ, ಆದರೂ ನಡೆಯುತ್ತಿರುತ್ತದೆ. ಇಲ್ಲಿ ನನ್ನ ಅದೃಷ್ಟ ಚೆನ್ನಾಗಿತ್ತು. ಟೂಲ್‌ಬಾಕ್ಸಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪುಟ್ಟ ಪಾಕೆಟ್ ಡೈರಿ ಸಿಕ್ಕಿತು. ಅದರಲ್ಲಿ ಭಾವನೆಯ ಒಂದು ಸಾಲೂ ಇಲ್ಲ. ಯಾವ ದಿನ ಸೈಲೆನ್ಸರಿನ ಇದ್ದಿಲು ಸುಟ್ಟು ತೆಗೆಸಿದ್ದು, ಪ್ಲಗ್ ಬದಲಿಸಿದ್ದು, ಪಾಯಿಂಟ್ ಸೆಟ್ ಮಾಡಿಸಿದ್ದು, ಕೊಟ್ಟ ಕೂಲಿ, ಅಷ್ಟೇ. ಎರಡು ಕಡೆ ಮಾತ್ರ "ಸೀರೆ – 140", "ಸೀರೆ – 210" ಎಂದಿತ್ತು. ಗಾಡಿಯ ಖರ್ಚಿನಲ್ಲಿ ಸೀರೆಗೇನು ಕೆಲಸ ಎಂದು ಆಗ ಹೊಳೆಯಲಿಲ್ಲ.

ಬಿಡಿಭಾಗ ಹುಡುಕುವ ವಿಷಯದಲ್ಲಿ ಮಹಾನಗರದಲ್ಲಿರುವ ನಾವು ಊರಿನವರಿಗಿಂತ ವಾಸಿ. ಪುಣೆಯ ನಾನಾ ಪೇಠ್, ಚೆನ್ನೈನ ಪುದುಪೇಟ್ಟೈ, ದೆಹಲಿಯ ಕರೋಲ್ ಬಾಗ್, ಬೆಂಗಳೂರಿನ ಜೆ.ಸಿ. ರಸ್ತೆಗಳಲ್ಲಿ ಕೇಳಿದರೆ ಏನಾದರೂ ಸಿಗುತ್ತದೆ. ಹೊಸದಾಗಿ ಮಾಡಿದ ನಕಲಿ ಭಾಗಗಳೂ ಧಾರಾಳ. ಕೇಬಲ್ಲು, ರಬ್ಬರು, ಬ್ರೇಕ್ ಲೈನರ್ ಹೊಸದು ಕೊಳ್ಳಿ. ಕಾರ್ಬ್ಯುರೇಟರ್ ಮಾತ್ರ ಎಷ್ಟೇ ಕೊಳೆಯಾಗಿದ್ದರೂ ಹಳೆಯದನ್ನೇ ತೊಳೆಸಿ ಇಟ್ಟುಕೊಳ್ಳಿ ಎಂಬುದು ಮೇಸ್ತ್ರಿಗಳ ಮಾತು, ನನ್ನದೂ ಈಗ ಅದೇ. ಇನ್ನೊಂದು, ಈಗಿನ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಯುತ್ತಿದೆ. ಎಥನಾಲ್ ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ನಮ್ಮಂತೆ ಮೂರು ತಿಂಗಳಿಗೊಮ್ಮೆ ಊರಿಗೆ ಹೋಗುವವರು ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಬರಬಾರದು.

ಎಂಜಿನ್ ಆಯಿತು. ಆಮೇಲೆ ಶುರುವಾಯಿತು ಮೇಲ್ಮೈಯ ಪ್ರಶ್ನೆ. ತಮ್ಮ ಶಾರ್ಜಾದಿಂದ ಫೋಟೋ ಮೇಲೆ ಫೋಟೋ ಕಳಿಸಿದ: ಕನ್ನಡಿಯಂಥ ಕ್ರೋಮ್, ಜೇನಿನಂತೆ ಹೊಳೆಯುವ ಕಡುಗೆಂಪು ಟ್ಯಾಂಕು. "ಕಾರ್ಖಾನೆಯಿಂದ ಬಂದ ಹಾಗೆ ಮಾಡಿಸೋಣ ಕಣೋ ಅಣ್ಣ, ಆ ಕಂಬಿ ಗೂಡು ಕಟ್ ಮಾಡ್ಸು. ಅದು ಒರಿಜಿನಲ್ ಅಲ್ಲ." ಹಳೆ ಗಾಡಿ ಪ್ರಿಯರಲ್ಲಿ ಬಹುಪಾಲು ಅವನ ಕಡೆಯೇ ನಿಲ್ಲುತ್ತಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಕಾರ್ಖಾನೆಯಲ್ಲಿ ಆ ಗಾಡಿ ಇದ್ದದ್ದು ಕೆಲವು ದಿನ, ಅಪ್ಪನ ಬಳಿ 44 ವರ್ಷ. ಯಾವುದು ಒರಿಜಿನಲ್? ಟ್ಯಾಂಕಿನ ಎರಡು ಬದಿಯಲ್ಲಿ ಅವರ ಮೊಣಕಾಲು ಉಜ್ಜಿ ಬಣ್ಣ ಹೋದ ಜಾಗವಿದೆ. ಅಲ್ಲಿ ಹೊಸ ಬಣ್ಣ ಬಳಿದರೆ ಅದು ಯಾರ ಗಾಡಿಯೂ ಆಗಬಹುದು. ತುಕ್ಕು ತಿನ್ನುವುದನ್ನು ನಿಲ್ಲಿಸಬೇಕು, ನಿಜ. ಸವೆದದ್ದನ್ನೆಲ್ಲ ಅಳಿಸಬೇಕೆಂದೇನೂ ಇಲ್ಲ. ವೀಡಿಯೊ ಕಾಲ್‌ನಲ್ಲಿ ಎರಡು ಭಾನುವಾರ ಜಗಳವಾಡಿದೆವು. ಮಾತು ಗಾಡಿ ಬಿಟ್ಟು, ಅಪ್ಪನ ಆಸ್ಪತ್ರೆಯ ದಿನಗಳಲ್ಲಿ ಯಾರು ಬಂದಿದ್ದರು, ಯಾರಿಗೆ ರಜೆ ಸಿಗಲಿಲ್ಲ ಎಂಬಲ್ಲಿಗೂ ಹೋಗಿ ಬಂತು.

ಕೊನೆಗೆ ಮಾಲೀಕರನ್ನೇ ಕೇಳಿದೆವು. ಗೂಡು ಉಳಿಸು ಎಂದೇ ಅಮ್ಮ ಅನ್ನುತ್ತಾರೆಂದು ನಾನು ಗಟ್ಟಿಯಾಗಿ ನಂಬಿದ್ದೆ. ಅಮ್ಮ ಹೇಳಿದ್ದು ಬೇರೆ: "ಕಿತ್ತು ಬಿಸಾಕಿ ಅದನ್ನ. ಇಪ್ಪತ್ತು ವರ್ಷ ನನ್ನ ಸೀರೆ ಹರಿದದ್ದೇ ಆ ಕಂಬಿ. ಒಂದೊಂದ್ ಸಲ ಹರಿದಾಗ್ಲೂ ಹೊಸದು ತಂದುಕೊಟ್ರೇ ಹೊರತು ಅದರ ಮೂಲೆ ಅರ ಹಾಕಿಸ್ಲಿಲ್ಲ ನಿಮ್ಮಪ್ಪ."

ಡೈರಿಯ 140, 210 ಆಗ ಅರ್ಥವಾಯಿತು. ಆ ಪುಟ ತೆಗೆದು ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ತಾರೀಕು ನೋಡಿದರು. "ಇದು ನೀಲಿ ಸೀರೆ. ಜಾತ್ರೆಗೆ ಹೋಗ್ವಾಗ ಹರಿದಿದ್ದು" ಎಂದು ಒಳಗೆ ಹೋದರು. ಸಂಜೆ ಕಾಫಿ ಕೊಡುವಾಗ, ಮೂಲೆ ಅರ ಹಾಕಿಸುವುದಾದರೆ ಗೂಡು ಇರಲಿ ಎಂದರು. ತಮ್ಮನಿಗೂ ಅಷ್ಟು ಸಾಕಾಯಿತು. ಚಕ್ರದ ರಿಮ್ಮಿಗೆ ಮತ್ತು ಸೈಲೆನ್ಸರಿಗೆ ಹೊಸ ಕ್ರೋಮ್ ಅವನ ಖರ್ಚಿನಲ್ಲೇ ಆಯಿತು. ಟ್ಯಾಂಕಿನ ಒಳಗಿನ ತುಕ್ಕು ತೆಗೆಸಿ ಹೊರಗೆ ಮೇಣದ ಪಾಲಿಶ್ ಮಾತ್ರ ಹಾಕಿದೆವು.

ಒಟ್ಟು 46 ಸಾವಿರ ಆಯಿತು, ಅದರಲ್ಲಿ ಅರ್ಧಕ್ಕೆ ಹತ್ತಿರ ಎಂಜಿನ್ನಿಗೇ. ರಜೆ ಸಿಕ್ಕಾಗಲೆಲ್ಲ ಹೋಗಿ ಬಂದು ಎಂಟು ತಿಂಗಳು ಹಿಡಿಯಿತು. ಲಾಭದ ಲೆಕ್ಕ ಹಾಕುವವರು ಈ ಕೆಲಸಕ್ಕೆ ಇಳಿಯದಿರುವುದೇ ಮೇಲು. ಅಕ್ಟೋಬರಿನಲ್ಲಿ ಇನ್‌ಸ್ಪೆಕ್ಟರು ಬಂದು ಗಾಡಿ ನೋಡಿದರು, ನಂಬರ್ ತಾಳೆ ಹಾಕಿದರು, ಮುಂದಿನ 5 ವರ್ಷಕ್ಕೆ ನವೀಕರಣ ಸಿಕ್ಕಿತು.

2027ಕ್ಕೆ ಗಾಡಿಗೆ 50 ತುಂಬುತ್ತದೆ. 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ತಂದ ನಿಯಮದಂತೆ 50 ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಒಮ್ಮೆ ಮಾಡಿಸಿದರೆ 10 ವರ್ಷ ನಡೆಯುತ್ತದೆ, ಹಳೆಯ ನಂಬರನ್ನೂ ಉಳಿಸಿಕೊಳ್ಳಬಹುದು. ತಮ್ಮನಿಗೆ ಆಸೆಯಿದೆ. ಆದರೆ ಆಮೇಲೆ ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಬಿಟ್ಟರೆ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಸಂತೆಗೆ ಹೋಗುವ ಹಾಗಿಲ್ಲ. ನಾನು ಬೇಡವೆಂದಿದ್ದೇನೆ, ಅವನು ಇನ್ನೂ ಒಪ್ಪಿಲ್ಲ.

ಸದ್ಯ ಗಾಡಿ ಅರಸೀಕೆರೆಯಲ್ಲೇ ಇದೆ. ಸೀಲು ಒಣಗದಿರಲೆಂದು ಚಿಕ್ಕಪ್ಪನ ಮಗ ಪ್ರತಿ ಭಾನುವಾರ ಹತ್ತು ಕಿಲೋಮೀಟರ್ ಓಡಿಸಿ ತರುತ್ತಾನೆ. ಗೂಡಿನಲ್ಲಿ ಈಗ ತೆಂಗಿನಕಾಯಿ ಚೀಲ ಕೂರುತ್ತದೆ. ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗುತ್ತಿದೆ, ಅದು ದೀಪಾವಳಿಯ ರಜೆಗೆ. 6 ವೋಲ್ಟಿನ ಹೆಡ್‌ಲೈಟು ಸೀಮೆಎಣ್ಣೆ ಬುಡ್ಡಿಗಿಂತ ತುಸು ಮೇಲು ಅಷ್ಟೇ. ಹಾಗಾಗಿ ಮಾಲೀಕರ ಅಪ್ಪಣೆ ಒಂದಿದೆ: ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಗಾಡಿ ಮನೆ ಸೇರಿರಬೇಕು.