ಅಡುಗೆಮನೆಯ ಜಿರಳೆ: ಗುರುತಿಸುವ ಮತ್ತು ಹತೋಟಿಗೆ ತರುವ ಕ್ರಮ

ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳ ಮನೆಗಳಲ್ಲಿ ಮುಂಗಾರು ಹಿಡಿದೊಡನೆ ಜಿರಳೆಗಳ ಉಪಟಳ ಹೆಚ್ಚುತ್ತದೆ. ಒಲೆಯ ಬದಿಯ ಬೆಚ್ಚನೆಯ ಸಂದು, ಒಳಗೆ ಒಟ್ಟಿದ ಸೌದೆ, ತೇವ ಆರದ ಬಚ್ಚಲು ಇವೆಲ್ಲ ಅವುಗಳಿಗೆ ಹಿತವಾದ ನೆಲೆಗಳು. ಆದರೆ ಕಂಡ ಜಿರಳೆಗಳೆಲ್ಲ ಒಂದೇ ಜಾತಿಯವಲ್ಲ. ಯಾವುದೆಂದು ತಿಳಿಯದೆ ಔಷಧಿ ಸಿಂಪಡಿಸುವುದರಿಂದ ಹಣವೂ ಆರೋಗ್ಯವೂ ನಷ್ಟವಾಗುತ್ತವೆ.

ಸುಮಾರು 4 ಸೆಂಟಿಮೀಟರ್ ಉದ್ದವಿದ್ದು, ಕೆಂಗಂದು ಬಣ್ಣದ, ಕತ್ತಿನ ಮೇಲಿನ ಫಲಕದ ಸುತ್ತ ಹಳದಿ ಅಂಚುಳ್ಳದ್ದು ಅಮೆರಿಕನ್ ಜಿರಳೆ. ಇದು ಚರಂಡಿ, ಬಚ್ಚಲು, ಶೌಚಗುಂಡಿಗಳಲ್ಲಿದ್ದು ರಾತ್ರಿ ಒಳಗೆ ಬರುತ್ತದೆ. ಒಂದೂವರೆ ಸೆಂಟಿಮೀಟರಿಗೆ ಮೀರದ, ತಿಳಿಗಂದು ಬಣ್ಣದ, ಅದೇ ಫಲಕದ ಮೇಲೆ ಎರಡು ಕಪ್ಪು ಗೆರೆಗಳುಳ್ಳದ್ದು ಜರ್ಮನ್ ಜಿರಳೆ. ಹೆಸರು ಹಾಗಿದ್ದರೂ ಮೂಲ ನಮ್ಮ ಕಡೆಯದೇ: ಸುಮಾರು 2100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್‌ನಲ್ಲಿ ಇದು ಏಷ್ಯನ್ ಜಿರಳೆಯಿಂದ ಕವಲೊಡೆಯಿತೆಂದು 2024ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸುತ್ತದೆ. ಇದು ಸಾಮಾನ್ಯವಾಗಿ ಸಂತೆಯ ಚೀಲ, ರಟ್ಟಿನ ಪೆಟ್ಟಿಗೆಗಳೊಡನೆ ಮನೆ ಸೇರುತ್ತದೆ. ಹೆಣ್ಣು 30ರಿಂದ 40 ಮೊಟ್ಟೆಗಳ ಕೋಶವನ್ನು ಮರಿಯೊಡೆಯುವವರೆಗೂ ಹೊತ್ತು ತಿರುಗುತ್ತದೆ. ಮರಿಗಳು ಎರಡು ಮೂರು ತಿಂಗಳಲ್ಲಿ ಪ್ರೌಢವಾಗುವುದರಿಂದ ಕಂಡ ನಾಲ್ಕನ್ನು ಹೊಡೆದರೆ ಸಾಲದು.

ಮಳೆಗಾಲದ ರಾತ್ರಿ ದೀಪಕ್ಕೆ ಹಾರಿಬರುವ ಕಾಡುಜಿರಳೆಗಳೂ ಉಂಟು. ತೋಟದ ತರಗೆಲೆಯಲ್ಲಿ ಬಾಳುವ ಅವು ಮನೆಯೊಳಗೆ ಸಂಸಾರ ಹೂಡುವುದಿಲ್ಲ. ಹೊರಗೆ ಗುಡಿಸಿದರೆ ಸಾಕು.

ಜಿರಳೆ ಕೊಳಕಿನ ಮೇಲೆ ಓಡಾಡಿದ ಕಾಲುಗಳಿಂದಲೇ ಅನ್ನದ ಪಾತ್ರೆ, ಮಗುವಿನ ಹಾಲಿನ ಲೋಟಗಳನ್ನು ಮುಟ್ಟುತ್ತದೆ. ಭೇದಿಯನ್ನುಂಟುಮಾಡುವ ರೋಗಾಣುಗಳು ಹೀಗೆ ಆಹಾರಕ್ಕೆ ಸೇರಬಲ್ಲವು. ಅದರ ಹಿಕ್ಕೆ ಮತ್ತು ಕಳಚಿದ ಪೊರೆಯ ಧೂಳಿನಿಂದ ಮಕ್ಕಳ ಉಬ್ಬಸ ಉಲ್ಬಣಿಸುವುದುಂಟು.

ಹಾಗೆಂದು ಜಿರಳೆಗಿಂತ ದೊಡ್ಡ ಅಪಾಯವನ್ನು ನಾವೇ ಒಳಗೆ ತರಬಾರದು. ಕಾಫಿಯ ಬಿಳಿ ಕಾಂಡಕೊರಕಕ್ಕೆ, ಶುಂಠಿ ಬೆಳೆಗೆ ತಂದು ಉಳಿದ ಕೀಟನಾಶಕವನ್ನು ಅಡುಗೆಮನೆಯಲ್ಲಿ ಎಂದಿಗೂ ಸಿಂಪಡಿಸಕೂಡದು. ಸಣ್ಣ ಸೀಸೆಗಳಿಗೆ ತುಂಬಿಡಲೂ ಕೂಡದು. ತೋಟದ ಬಯಲಿಗೆಂದು ಮಾಡಿದ ವಿಷ ಮುಚ್ಚಿದ ಕೋಣೆಯಲ್ಲಿ ನೆಲ, ಪಾತ್ರೆ, ಗೋಡೆಗಳಿಗೆ ಅಂಟಿ ಉಳಿಯುತ್ತದೆ. ಬಸುರಿಯರಿಗೂ ನೆಲದಲ್ಲಿ ಅಂಬೆಗಾಲಿಡುವ ಶಿಶುಗಳಿಗೂ ಅದು ವಿಶೇಷವಾಗಿ ಅಪಾಯಕರ. ಜಿರಳೆಗೆಂದು ಮಾರುವ ಸೀಮೆಸುಣ್ಣದಲ್ಲಿಯೂ ಕೀಟನಾಶಕವೇ ಇರುತ್ತದೆ. ಮಕ್ಕಳು ಅದನ್ನು ಬಳಪವೆಂದು ತಿಳಿದು ಬಾಯಿಗಿಡಬಹುದು.

ಜರ್ಮನ್ ಜಿರಳೆ ಆಹಾರಕ್ಕಿಂತ ಬೇಗ ನೀರಿಲ್ಲದೆ ಸಾಯುತ್ತದೆ. ಆದುದರಿಂದ ರಾತ್ರಿ ಎಂಜಲು ಪಾತ್ರೆ ತೊಳೆದು, ಕಟ್ಟೆಯನ್ನು ಒಣಗಿಸಿ, ನೀರಿನ ಕೊಡ ಮುಚ್ಚಿ ಮಲಗುವುದು ಮೊದಲ ಚಿಕಿತ್ಸೆ. ಇದು ಗೃಹಿಣಿಯೊಬ್ಬಳದೇ ಹೊಣೆಯಲ್ಲ. ಸೌದೆಯನ್ನು ಹೊರಗಿನ ಮಾಡಿನಡಿ ಒಟ್ಟುವುದು, ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತುವುದು, ಬಚ್ಚಲ ತೂತಿಗೆ ಸಣ್ಣ ಕಣ್ಣಿನ ಜಾಲರಿ ಹಾಕುವುದು ಪತಿಯು ಒಂದು ಭಾನುವಾರದಲ್ಲಿ ಮುಗಿಸಬಹುದಾದ ಕೆಲಸ. ಲೈನು ಮನೆಗಳಲ್ಲಿ ಗೋಡೆ ಒಂದೇ ಆದುದರಿಂದ ಅಕ್ಕಪಕ್ಕದವರೆಲ್ಲ ಒಂದೇ ದಿನ ಕೈಹಾಕಬೇಕು. ಇಲ್ಲವಾದರೆ ಒಂದು ಮನೆಯ ಜಿರಳೆ ಮತ್ತೊಂದಕ್ಕೆ ದಾಟುತ್ತದೆ.

ಔಷಧಿ ಬೇಕೇ ಆದಲ್ಲಿ ಬೋರಿಕ್ ಪುಡಿಯನ್ನು ಒಣಗಿದ ಸಂದುಗಳಲ್ಲಿ ಅತಿ ತೆಳುವಾಗಿ ಉದುರಿಸಿರಿ. ರಾಶಿ ಹಾಕಿದರೆ ಜಿರಳೆ ಬಳಸಿಕೊಂಡು ಹೋಗುತ್ತದೆ. ತೇವ ತಗುಲಿ ಗಟ್ಟಿಯಾದರೆ ಗುಣ ಕುಂದುತ್ತದೆ. ಆದ್ದರಿಂದ ಮಳೆಗೆ ಮುಂಚೆ, ಮೇ ತಿಂಗಳಲ್ಲಿ ಹಾಕುವುದು ಲೇಸು. ಹಿಟ್ಟಿನ ಡಬ್ಬಗಳ ಬಳಿ ಇದನ್ನು ಇಡಬಾರದು; ನುಂಗಿದರೆ ಇದೂ ವಿಷವೇ. ಜರ್ಮನ್ ಜಿರಳೆ ವಿಪರೀತವಾದರೆ ಅಂಗಡಿಯಲ್ಲಿ ದೊರೆಯುವ ಜೆಲ್ ಔಷಧಿಯ ಸಣ್ಣ ತೊಟ್ಟುಗಳನ್ನು ಮಕ್ಕಳ ಕೈಗೆಟುಕದ ಸಂದುಗಳಲ್ಲಿಡಿ. ಅದರ ಬಳಿ ಬೇರೆ ಔಷಧಿ ಸಿಂಪಡಿಸಿದರೆ ಜಿರಳೆ ಜೆಲ್ ತಿನ್ನುವುದಿಲ್ಲ. ಕೆಲವು ವಾರಗಳ ನಂತರ ಮತ್ತೆ ನೋಡಿ, ಮರಿಗಳು ಕಂಡರೆ ಪುನಃ ಇಡಬೇಕು.

ಯಾರಾದರೂ ಕೀಟನಾಶಕ ನುಂಗಿದಲ್ಲಿ ವಾಂತಿ ಮಾಡಿಸಬೇಡಿರಿ. ಉಪ್ಪುನೀರು, ಹುಣಸೆನೀರು ಕುಡಿಸಬೇಡಿರಿ. ಮೈಮೇಲೆ ಬಿದ್ದಿದ್ದರೆ ಬಟ್ಟೆ ಕಳಚಿ ಸಾಬೂನಿನಿಂದ ತೊಳೆಯಿರಿ. ಕೂಡಲೇ 108ಕ್ಕೆ ಕರೆಮಾಡಿ, ಔಷಧಿಯ ಸೀಸೆಯನ್ನು ಅದರ ಚೀಟಿಯ ಸಮೇತ ಆಸ್ಪತ್ರೆಗೆ ತನ್ನಿರಿ.