ಪದವಿಲ್ಲದ ಹಾಡು: ಸ್ಯಾಕ್ಸೊಫೋನ್ ಮತ್ತು ಉತ್ತರದ ಜನಪದ ಗೀತೆ

ಸ್ಯಾಕ್ಸೊಫೋನ್ ಹುಟ್ಟಿನಿಂದ ಜನಪದ ವಾದ್ಯವಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಇದನ್ನು ರೂಪಿಸಿ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದನು. ಸೇನೆಯ ವಾದ್ಯವೃಂದಗಳಲ್ಲಿ ಮೊಳಗಿದ ಈ ವಾದ್ಯ ಮುಂದೆ ಅಮೆರಿಕದ ಜಾಝ್ ಸಂಗೀತದಲ್ಲಿ ನೆಲೆ ಕಂಡಿತು. ಇದರ ಒಡಲು ಹಿತ್ತಾಳೆಯದಾದರೂ ನಾದ ಹುಟ್ಟುವುದು ಬಾಯಿಗಿಡುವ ತುದಿಯಲ್ಲಿರುವ ಜೊಂಡಿನ ತೆಳುಪಟ್ಟಿಯ ಕಂಪನದಿಂದ. ತುಟಿಯ ಒತ್ತಡವೂ ಉಸಿರಿನ ವೇಗವೂ ತುಸು ಬದಲಾದರೆ ಸ್ವರ ಜಾರುತ್ತದೆ, ನಡುಗುತ್ತದೆ. ಈ ಗುಣವೇ ಅದನ್ನು ಮನುಷ್ಯ ಕಂಠಕ್ಕೆ ಸಮೀಪಗೊಳಿಸಿದೆ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಅವರು (1949–2019) ಇದರಲ್ಲಿ ಗಮಕಗಳನ್ನು ನುಡಿಸಿ ಕರ್ನಾಟಕ ಸಂಗೀತದಲ್ಲಿ ಸ್ಥಾನ ದೊರಕಿಸಿದುದನ್ನು ಕನ್ನಡಿಗರು ಬಲ್ಲರು.

ಇದೇ ವಾದ್ಯವನ್ನು ಜನಪದ ಗೀತೆಯ ಕಡೆಗೆ ತಿರುಗಿಸಿದವರಲ್ಲಿ ನಾರ್ವೆಯ ಯಾನ್ ಗಾರ್ಬಾರೆಕ್ ಪ್ರಮುಖರು. ಅವರು 1947ರಲ್ಲಿ ಜನಿಸಿದರು. ತಂದೆ ಯುದ್ಧಕೈದಿಯಾಗಿದ್ದ ಪೋಲೆಂಡಿನವರು, ತಾಯಿ ನಾರ್ವೆಯವರು. ಬಾಲಕನಿಗೆ ಏಳು ವರ್ಷವಾಗುವವರೆಗೆ ಯಾವ ದೇಶದ ಪೌರತ್ವವೂ ಇರಲಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ರೇಡಿಯೊದಲ್ಲಿ ಜಾನ್ ಕೋಲ್ಟ್ರೇನ್ ಅವರ ವಾದನ ಕೇಳಿ ಸ್ಯಾಕ್ಸೊಫೋನ್ ಹಿಡಿದರು. ಸ್ವದೇಶದ ಜನಪದ ಸಂಗೀತದತ್ತ ಅವರ ಗಮನ ಸೆಳೆದವರು ಅಮೆರಿಕದ ತುತ್ತೂರಿವಾದಕ ಡಾನ್ ಚೆರ್ರಿ. ತನ್ನ ಮನೆಯಂಗಳದ ಹಾಡಿನ ಬೆಲೆಯನ್ನು ಪರದೇಶದವನೊಬ್ಬ ತಿಳಿಸಿಕೊಡಬೇಕಾಯಿತು.

1973ರ 'ಟ್ರಿಪ್ಟಿಕಾನ್' ಧ್ವನಿಮುದ್ರಿಕೆಯಲ್ಲಿ ಅವರು ನಾರ್ವೆಯ ಮದುವೆಯ ದಿಬ್ಬಣದ ಮಟ್ಟೊಂದನ್ನು ನುಡಿಸಿದರು. 1987ರ 'ಆಲ್ ದೋಸ್ ಬಾರ್ನ್ ವಿತ್ ವಿಂಗ್ಸ್' ಮುದ್ರಿಕೆಯ ವಾದ್ಯಗಳೆಲ್ಲವನ್ನೂ ಒಬ್ಬರೇ ನುಡಿಸಿದರು. 1989ರಲ್ಲಿ ಗಾಯಕಿ ಆಗ್ನೆಸ್ ಬ್ಯೂಎನ್ ಗಾರ್ನೋಸ್ ಅವರೊಡನೆ ಮಧ್ಯಯುಗದ ಕಥನಗೀತೆಗಳನ್ನು ಪ್ರಕಟಿಸಿದರು. ಅವರ ವಾದನದಲ್ಲಿ ವೇಗದ ಪ್ರದರ್ಶನ ಕಡಿಮೆ. ಒಂದು ಸ್ವರವನ್ನು ನೀಳವಾಗಿ ಹಿಡಿದು, ತುದಿಯಲ್ಲಿ ಬಾಗಿಸಿ, ಮೌನಕ್ಕೆ ಎಡೆಗೊಡುವುದು ಅವರ ಕ್ರಮ. ಪಕ್ಕವಾದ್ಯವಿಲ್ಲದೆ ಹಾಡುವ ಹಳ್ಳಿಯ ಗಾಯಕಿ ಉಸಿರೆಳೆದುಕೊಳ್ಳುವ ಬಗೆಯನ್ನು ಅದು ನೆನಪಿಸುತ್ತದೆ.

ಉತ್ತರ ನಾರ್ವೆಯ ಸಾಮಿ ಜನರ 'ಯೋಯ್ಕ್' ಎಂಬ ಗಾಯನವೂ ಅವರ ಸಂಗೀತದೊಳಗೆ ಸೇರಿತು. ಯೋಯ್ಕ್‌ನಲ್ಲಿ ಪದಗಳು ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಒಬ್ಬ ವ್ಯಕ್ತಿಯನ್ನೋ ಪ್ರಾಣಿಯನ್ನೋ ಬೆಟ್ಟವನ್ನೋ ಕುರಿತು ಹಾಡುವುದಕ್ಕಿಂತ, ಅದನ್ನೇ ಸ್ವರದಲ್ಲಿ ಕರೆತರುವುದು ಎಂದು ಸಾಮಿ ಜನರು ಹೇಳುತ್ತಾರೆ. ಆದರೆ ನಾರ್ವೆಯ ಶಾಲೆಗಳು ಈ ಜನರನ್ನು ಬಹುಕಾಲ ನಾರ್ವೇಜಿಯನ್ನರನ್ನಾಗಿಸಲು ಯತ್ನಿಸಿದವು. 1898ರ ಸುತ್ತೋಲೆಯೊಂದು ತರಗತಿಯಲ್ಲಿ ಸಾಮಿ ಭಾಷೆಯ ಬಳಕೆಯನ್ನು ಬಿಗಿಯಾಗಿ ಮಿತಿಗೊಳಿಸಿತು. ಯೋಯ್ಕ್ ಪಾಪದ ಹಾಡೆಂದು ಧರ್ಮಪ್ರಚಾರಕರು ಸಾರಿದರು. ಮಕ್ಕಳು ಮನೆಯ ನುಡಿಗೆ ನಾಚಲು ಕಲಿತರು. ಅಂಥ ಪರಿಸರದಲ್ಲಿ ಬೆಳೆದ ಗಾಯಕಿ ಮಾರಿ ಬೋಯ್ನೆ ಅವರ 'ಗುಲಾ ಗುಲಾ' ಎಂಬ ರಚನೆಯನ್ನು ಗಾರ್ಬಾರೆಕ್ 1990ರಲ್ಲಿ ಸ್ಯಾಕ್ಸೊಫೋನ್‌ಗೆ ಅಳವಡಿಸಿದರು. ಆ ಹೆಸರಿನ ಅರ್ಥ 'ಆಲಿಸು, ಆಲಿಸು' ಎಂದು.

ಇಲ್ಲಿ ಶಿಕ್ಷಕರು ಗಮನಿಸಬೇಕಾದ ಅಂಶವೊಂದಿದೆ. ವಾದ್ಯವು ಹಾಡಿನ ಉಸಿರನ್ನೂ ಬಾಗನ್ನೂ ಜಗತ್ತಿಗೆ ಕೊಂಡೊಯ್ಯಬಲ್ಲದು, ಮಾತನ್ನು ಕೊಂಡೊಯ್ಯಲಾರದು. ಧಾಟಿ ಲೋಕಪ್ರಸಿದ್ಧವಾದ ಮಾತ್ರಕ್ಕೆ ನುಡಿ ಉಳಿಯುವುದಿಲ್ಲ. ನಾರ್ವೆಯ 1959ರ ಶಾಲಾ ಕಾನೂನು ಸಾಮಿಯನ್ನು ಬೋಧನಾಭಾಷೆಯಾಗಿ ಬಳಸಲು ಮತ್ತೆ ದಾರಿ ತೆರೆಯಿತು. ಮಾತನ್ನು ಮಗುವಿನ ಬಾಯಿಗೆ ಮರಳಿಸುವ ಹೊಣೆ ತರಗತಿಯದಾಯಿತು.

ಗಡಿನಾಡಿನ ಕನ್ನಡ ಶಾಲೆಗೆ ಈ ಪ್ರಸಂಗ ದೂರದ್ದಲ್ಲ. ಕಾಸರಗೋಡಿನ ತರಗತಿಯಲ್ಲಿ ತುಳು ಮನೆಮಾತಿನ ಮಗುವಿರುತ್ತದೆ; ನೀಲಗಿರಿಯಲ್ಲಿ ಬಡಗ ನುಡಿಯ ಮಗುವಿರುತ್ತದೆ. ಜನಪದ ಗೀತೆಯ ಪಾಠದಂದು ಶಿಕ್ಷಕರು ಪುಸ್ತಕ ತೆರೆಯುವ ಮೊದಲು ಮನೆಯ ಜೋಗುಳವನ್ನೋ ಬೀಸುವ ಪದವನ್ನೋ ಪದಗಳಿಲ್ಲದೆ ಗುನುಗಿಸಲಿ. ಹಾಡುವವರು ಎಲ್ಲಿ ಉಸಿರು ನಿಲ್ಲಿಸುತ್ತಾರೆ, ಯಾವ ಅಕ್ಷರವನ್ನು ಎಳೆಯುತ್ತಾರೆ ಎಂಬುದನ್ನು ಮಕ್ಕಳೇ ಗುರುತಿಸಲಿ. ಅನಂತರ ಮನೆಯ ಹಿರಿಯರಿಂದ ಪದಗಳನ್ನು ಕೇಳಿ ತಂದು, ಅವರು ಹೇಳಿದಂತೆಯೇ ಕನ್ನಡ ಲಿಪಿಯಲ್ಲಿ ಬರೆಯಲಿ. ಆ ಬರಹವನ್ನು ಗ್ರಾಂಥಿಕ ರೂಪಕ್ಕೆ ತಿದ್ದುವ ಅವಸರ ಬೇಡ. ತನ್ನ ಅಜ್ಜಿಯ ನುಡಿ ಕರಿಹಲಗೆಯ ಮೇಲೆ ಮೂಡಿದುದನ್ನು ಕಂಡ ಮಗು ಪಠ್ಯದ ಕನ್ನಡವನ್ನೂ ತನ್ನದೆಂದು ಬಗೆಯಲು ತೊಡಗುತ್ತದೆ.