ಗುಂಡುಗಳ ಪರದೆಯ ಆಟ: ‘ತೋಹೋ ಕೋಮಾಕ್ಯೋ’ದ ಗುಣದೋಷ ವಿವೇಚನೆ

೧

ಜನರು ಆಡುತ್ತಿದ್ದ ಆಟಗಳು ಅವರ ಚರಿತ್ರೆಗೆ ಆಕರವಾಗಬಲ್ಲವೆಂಬುದು ಹೊಸ ಮಾತಲ್ಲ. ಹಂಪೆಯ ಕಲ್ಲು ಜಗಲಿಗಳ ಮೇಲೆ ಕೊರೆದಿರುವ ಆಟದ ಮನೆಗಳನ್ನು ಕಂಡವರು, ಮಲೆನಾಡಿನ ಮನೆಗಳ ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಅಳಿಗುಳಿಮಣೆಯನ್ನು ಕೈಗೆತ್ತಿಕೊಂಡವರು, ಇದನ್ನು ಬಲ್ಲರು. ಆದರೆ ನಮ್ಮ ಕಾಲದ ವಿದ್ಯಾರ್ಥಿಗಳು ಗಣಕಯಂತ್ರದ ಪರದೆಯ ಮೇಲೆ ಆಡುವ ಆಟಗಳ ವಿಷಯ ಬಂದಾಗ ನಾವು ಅಧ್ಯಾಪಕರು ಈ ವಿವೇಕವನ್ನು ಮರೆಯುತ್ತೇವೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರೈಲಿನಲ್ಲಿ ವಿದ್ಯಾರ್ಥಿಯೊಬ್ಬನು ಅಂತಹುದೊಂದು ಆಟವನ್ನು ನಮಗೆ ತೋರಿಸಿ, ‘ಇದು ಹೇಗಿದೆ ಸಾರ್?’ ಎಂದು ಕೇಳಿದನು. ‘ಕಾಲಹರಣ’ ಎಂದು ಒಂದೇ ಮಾತಿನಲ್ಲಿ ಉತ್ತರಿಸಿದೆವು. ಅವನು ಮರುಮಾತಾಡದೆ ಯಂತ್ರವನ್ನು ಮುಚ್ಚಿಟ್ಟನು. ಆಕರವನ್ನು ಪರಿಶೀಲಿಸದೆ ತೀರ್ಪು ಕೊಡಬಾರದೆಂದು ತರಗತಿಯಲ್ಲಿ ಬೋಧಿಸುವ ನಾವು ಮಾಡಿದ್ದು ಅದನ್ನೇ ಎಂಬುದು ಅನಂತರ ಹೊಳೆಯಿತು. ಆ ತೀರ್ಪನ್ನು ಮರುವಿಚಾರಣೆಗೆ ಒಳಪಡಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ಆ ಆಟದ ಹೆಸರು ‘ತೋಹೋ ಕೋಮಾಕ್ಯೋ’. ಜಪಾನಿನಲ್ಲಿ ೨೦೦೨ರ ಆಗಸ್ಟ್ ತಿಂಗಳಲ್ಲಿ ಪ್ರಕಟವಾದ ಇದು ‘ತೋಹೋ’ ಮಾಲಿಕೆಯ ಆರನೆಯ ಕೃತಿ. ಇದನ್ನು ರಚಿಸಿದುದು ಯಾವುದೇ ಕಂಪನಿಯಲ್ಲ; ‘ಜುನ್’ ಎಂಬ ಅಂಕಿತದಿಂದ ಪ್ರಸಿದ್ಧನಾದ ಜುನ್‌ಯಾ ಓಟಾ ಎಂಬ ಒಬ್ಬನೇ ವ್ಯಕ್ತಿ. ಇದರ ಆಕರ್ಷಣೆ ಯಾವುದು, ಕೊರತೆ ಯಾವುದು, ಇವೆರಡಕ್ಕೂ ಸಂಬಂಧವೇನು ಎಂಬುದನ್ನು ಮುಂದೆ ನೋಡೋಣ.

೨

ಮೊದಲು ಈ ಆಟದ ವಂಶಾವಳಿಯನ್ನು ಸಂಕ್ಷೇಪವಾಗಿ ತಿಳಿಯಬೇಕು. ೧೯೭೮ರಲ್ಲಿ ಟೈಟೋ ಸಂಸ್ಥೆಗಾಗಿ ತೊಮೊಹಿರೊ ನಿಶಿಕಾಡೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಎಂಬುದು ಗುಂಡು ಹಾರಿಸುವ ಆಟಗಳಿಗೆ ಮಾದರಿಯಾಯಿತು. ಅಲ್ಲಿ ಶತ್ರುಗಳು ಬಿಡುವ ಗುಂಡುಗಳು ಬೆರಳೆಣಿಕೆಯಷ್ಟು. ಆಟಗಾರನ ಗಮನವೆಲ್ಲ ಹೊಡೆಯುವುದರ ಕಡೆಗೆ. ಕಾಲಕ್ರಮದಲ್ಲಿ ಈ ಪ್ರಮಾಣವು ತಿರುವುಮುರುವಾಯಿತು. ಟೋಆಪ್ಲಾನ್ ಸಂಸ್ಥೆಯ ‘ಬತ್ಸುಗುನ್’ (೧೯೯೩), ಅಲ್ಲಿಂದ ಹೊರಬಂದವರು ಕಟ್ಟಿದ ಕೇವ್ ಸಂಸ್ಥೆಯ ‘ದೊನ್‌ಪಾಚಿ’ (೧೯೯೫) ಮೊದಲಾದ ಆಟಗಳಲ್ಲಿ ಶತ್ರುವಿನ ಗುಂಡುಗಳು ಪರದೆಯನ್ನೇ ತುಂಬಿದವು. ಹೊಡೆಯುವುದಕ್ಕಿಂತ ತಪ್ಪಿಸಿಕೊಳ್ಳುವುದೇ ಮುಖ್ಯವಾಯಿತು. ಈ ಬಗೆಯನ್ನು ಜಪಾನಿಗಳು ‘ದನ್ಮಾಕು’, ಅಂದರೆ ಗುಂಡುಗಳ ಪರದೆ, ಎಂದು ಕರೆದರು. ಇಂಗ್ಲಿಷ್ ಬಲ್ಲವರು ‘ಬುಲೆಟ್ ಹೆಲ್’, ಗುಂಡುಗಳ ನರಕ, ಎಂದರು. ಒಂದೇ ವಸ್ತುವನ್ನು ಒಬ್ಬರು ಪರದೆಯೆಂದೂ ಮತ್ತೊಬ್ಬರು ನರಕವೆಂದೂ ಕಂಡುದು ಗಮನಾರ್ಹ. ಪರದೆಗೆ ನೇಯ್ಗೆಯುಂಟು, ನರಕಕ್ಕೆ ಸಂಕಟ ಮಾತ್ರ. ಈ ಆಟದ ಗುಣದೋಷಗಳೆರಡೂ ಈ ಎರಡು ಹೆಸರುಗಳಲ್ಲಿಯೇ ಅಡಗಿವೆ ಎಂದರೆ ತಪ್ಪಾಗಲಾರದು.

ಓಟಾ ಟೋಕಿಯೋ ನಗರದ ಡೆಂಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಆಟಗಳನ್ನು ಕಟ್ಟತೊಡಗಿದನು. ತಾನು ರಚಿಸಿದ ಸಂಗೀತಕ್ಕೆ ಒಂದು ನೆಲೆ ಬೇಕೆಂಬುದು ಅವನ ಮುಖ್ಯ ಪ್ರೇರಣೆಯಾಗಿತ್ತು. ಮಾಲಿಕೆಯ ಮೊದಲ ಐದು ಆಟಗಳು ೧೯೯೮ರ ಹೊತ್ತಿಗೆ ಎನ್‌ಇಸಿ ಸಂಸ್ಥೆಯ ಪಿಸಿ-೯೮ ಎಂಬ ಯಂತ್ರಕ್ಕಾಗಿ ಹೊರಬಂದವು. ಬಳಿಕ ಅವನು ಟೈಟೋ ಸಂಸ್ಥೆಯಲ್ಲಿ ಉದ್ಯೋಗಿಯಾದನು. ೨೦೦೨ರಲ್ಲಿ ‘ಶಾಂಘೈ ಆಲಿಸ್’ ಎಂಬ ಹೆಸರಿನಿಂದ, ತಾನೊಬ್ಬನೇ ಸದಸ್ಯನಾದ ಬಳಗವನ್ನು ಕಟ್ಟಿ, ವಿಂಡೋಸ್ ಯಂತ್ರಗಳಿಗಾಗಿ ಈ ಆರನೆಯ ಆಟವನ್ನು ಪ್ರಕಟಿಸಿದನು. ಆಟದ ಕ್ರಮವಿಧಿ, ಚಿತ್ರ, ಸಂಗೀತ, ಸಂಭಾಷಣೆ ಎಲ್ಲವೂ ಅವನವೇ. ಇದು ಮಾರಾಟವಾದುದು ಹವ್ಯಾಸಿ ಲೇಖಕರೂ ಚಿತ್ರಕಾರರೂ ತಮ್ಮ ಕೃತಿಗಳನ್ನು ತಾವೇ ಮಾರುವ ‘ಕಾಮಿಕೆಟ್’ ಎಂಬ ಸಂತೆಯಲ್ಲಿ. ಆ ಸಂತೆ ೧೯೭೫ರಿಂದ ನಡೆದುಬಂದಿದೆ.

೩

ಆಟದ ಸ್ವರೂಪ ಹೀಗಿದೆ. ಜಪಾನಿನಲ್ಲಿ ಜನರು ಮರೆತುಬಿಟ್ಟ ದೈವಗಳೂ ಭೂತಗಳೂ ಆಶ್ರಯ ಪಡೆದಿರುವ ‘ಗೆನ್ಸೋಕ್ಯೋ’ ಎಂಬ ಕಲ್ಪಿತ ನಾಡುಂಟು. ಹೊರಜಗತ್ತಿಗೂ ಅದಕ್ಕೂ ನಡುವೆ ಮಂತ್ರದ ಗಡಿಯಿದೆ. ಒಂದು ಬೇಸಗೆಯಲ್ಲಿ ಕೆಂಪು ಮಂಜು ಕವಿದು ಸೂರ್ಯನೇ ಕಾಣದಾಗುತ್ತಾನೆ. ಗಡಿಯ ಗುಡಿಯನ್ನು ನೋಡಿಕೊಳ್ಳುವ ರೇಮು ಎಂಬ ಕನ್ಯೆ ಅಥವಾ ಮರಿಸಾ ಎಂಬ ಮಾಟಗಾತಿ, ಇವರಿಬ್ಬರಲ್ಲಿ ಒಬ್ಬಳನ್ನು ಆಟಗಾರನು ಆರಿಸಿಕೊಂಡು, ಆರು ಘಟ್ಟಗಳನ್ನು ದಾಟಿ, ಮಂಜಿಗೆ ಕಾರಣಳಾದ ರೆಮಿಲಿಯಾ ಎಂಬ ರಕ್ತಪಾನಿಯನ್ನು ಎದುರಿಸಬೇಕು. ಕಾಡಿನ ಅಂಚಿನಲ್ಲಿ ಚೌಡಿಯ ಕಲ್ಲನ್ನೂ ಭೂತಪ್ಪನ ಕಟ್ಟೆಯನ್ನೂ ಕಂಡು ಬೆಳೆದ ನಮ್ಮ ಮಲೆನಾಡಿನ ಹುಡುಗರಿಗೆ ಈ ನಾಡು ತೀರ ಅಪರಿಚಿತವೆನಿಸದಿರುವುದು ಸಹಜ.

ಪ್ರತಿ ಘಟ್ಟದ ಕೊನೆಯಲ್ಲಿ ಒಬ್ಬ ನಾಯಕಿ ಎದುರಾಗುತ್ತಾಳೆ. ಅವಳ ಮುಖ್ಯ ಆಕ್ರಮಣಗಳಿಗೆ ‘ಸ್ಪೆಲ್ ಕಾರ್ಡ್’ ಎಂದು ಹೆಸರು. ಮಾಲಿಕೆಯಲ್ಲಿ ಈ ಪದ್ಧತಿ ಮೊದಲಾದುದು ಈ ಕೃತಿಯಿಂದಲೇ. ಪ್ರತಿಯೊಂದು ಆಕ್ರಮಣಕ್ಕೂ ಒಂದು ಶೀರ್ಷಿಕೆ, ಒಂದು ಕಾಲಾವಧಿ ಉಂಟು. ಪೆಟ್ಟು ತಿನ್ನದೆ, ಬಾಂಬು ಬಳಸದೆ, ಅದನ್ನು ದಾಟಿದವನಿಗೆ ಹೆಚ್ಚಿನ ಅಂಕಗಳು ದೊರೆಯುತ್ತವೆ. ಗುಂಡಿನ ತೀರ ಸಮೀಪದಲ್ಲಿ ಸವರಿಕೊಂಡು ಹೋದರೂ ಅಂಕ ಬರುತ್ತದೆ. ಹೀಗೆ ಭಯದಿಂದ ದೂರ ಓಡುವವನಿಗಿಂತ ಭಯದ ಪಕ್ಕದಲ್ಲಿ ನಿಲ್ಲಬಲ್ಲವನಿಗೆ ಈ ಆಟ ಮನ್ನಣೆ ಕೊಡುತ್ತದೆ.

೪

ಆಕರ್ಷಣೆಯ ಮೊದಲ ಕಾರಣ, ಗೊಂದಲದಂತೆ ಕಾಣುವುದರಲ್ಲಿ ಕ್ರಮವಿರುವುದು. ಮೊದಲ ನೋಟಕ್ಕೆ ನೂರಾರು ಗುಂಡುಗಳು ಮಳೆಯಂತೆ ಸುರಿಯುತ್ತವೆ, ಬದುಕುವುದು ಅಸಾಧ್ಯವೆನಿಸುತ್ತದೆ. ಆದರೆ ಗಮನವಿಟ್ಟು ನೋಡಿದರೆ ಅವುಗಳಲ್ಲಿ ಮೂರು ಜಾತಿಗಳು ಕಾಣುತ್ತವೆ. ಕೆಲವು ಪ್ರತಿ ಸಲವೂ ಅದೇ ದಾರಿಯಲ್ಲಿ ಬರುತ್ತವೆ. ಇವುಗಳಿಗೆ ನೆನಪು ಸಾಕು. ಕೆಲವು ಆಟಗಾರನು ನಿಂತ ಸ್ಥಳಕ್ಕೆ ಗುರಿಯಿಟ್ಟು ಬರುತ್ತವೆ. ಹೊರಟ ಮೇಲೆ ಅವು ದಿಕ್ಕು ಬದಲಿಸವಾದ್ದರಿಂದ ತುಸುವೇ ಪಕ್ಕಕ್ಕೆ ಸರಿದರೆ ಸಾಕು, ಗಾಬರಿಗೊಂಡು ಪರದೆಯ ಉದ್ದಗಲಕ್ಕೆ ಓಡುವವನೇ ಕೆಡುತ್ತಾನೆ. ಮೂರನೆಯವು ಗೊತ್ತುಗುರಿಯಿಲ್ಲದವು, ಇವುಗಳಿಗೆ ಮಾತ್ರ ಆ ಕ್ಷಣದ ಕಣ್ಣು ಬೇಕು. ಈ ಮೂರನ್ನು ಬೇರೆಬೇರೆಯಾಗಿ ಗುರುತಿಸಲು ಕಲಿತ ದಿನ ಪರದೆಯೇ ಬೇರೆಯಾಗಿ ಕಾಣುತ್ತದೆ. ಎರಡನೆಯ ಘಟ್ಟದ ಚಿರ್ನೋ ಎಂಬ ಹಿಮಕನ್ಯೆ ಎಡಬಲಗಳಿಂದ ಮಂಜಿನ ಸಲಾಕೆಗಳನ್ನು ಸುರಿಸುತ್ತಾಳೆ. ಸುಲಭದ ಮಟ್ಟದಲ್ಲಿ ಆಡುವಾಗ ಅವಳ ಮುಂದೆಯೇ ನೇರವಾಗಿ ನಿಂತವನಿಗೆ ಅವುಗಳಲ್ಲಿ ಒಂದೂ ತಗಲುವುದಿಲ್ಲ! ನಾವು ಹತ್ತಾರು ಸಲ ಸೋತ ಬಳಿಕ, ಓಡುವುದನ್ನು ಬಿಟ್ಟು ನಿಂತು ನೋಡಿದಾಗ, ಇದು ತಿಳಿಯಿತು. ಹಳಗನ್ನಡ ಶಾಸನದ ಅಕ್ಷರಗಳು ಮೊದಲು ಗೀರುಗಳಂತೆ ಕಂಡು, ಕ್ರಮೇಣ ಮಾತಾಗಿ ತೋರುವ ಅನುಭವ ಇದಕ್ಕೆ ಹತ್ತಿರದ್ದು.

ಎರಡನೆಯ ಕಾರಣ, ಪಾತ್ರ, ಸಂಗೀತ ಮತ್ತು ಗುಂಡಿನ ವಿನ್ಯಾಸ ಇವುಗಳ ಏಕತೆ. ಕಾಲವನ್ನು ನಿಲ್ಲಿಸಬಲ್ಲ ಸಕುಯಾ ಎಂಬ ಪರಿಚಾರಿಕೆ ಎಸೆದ ಚೂರಿಗಳು ನಡುಗಾಳಿಯಲ್ಲಿ ನಿಂತು, ದಿಕ್ಕು ಬದಲಿಸಿ, ಮತ್ತೆ ಹೊರಡುತ್ತವೆ. ಗ್ರಂಥಾಲಯದಲ್ಲಿ ವಾಸಿಸುವ ಪಚುಲಿಯ ಆಕ್ರಮಣಗಳು ಬೆಂಕಿ, ನೀರು, ಮರ, ಲೋಹ, ಮಣ್ಣುಗಳ ಹೆಸರನ್ನು ಹೊತ್ತಿವೆ. ಪಾತ್ರದ ಸ್ವಭಾವವನ್ನು ಮಾತಿನಿಂದಲ್ಲ, ಗುಂಡುಗಳ ಚಲನೆಯಿಂದ ತಿಳಿಸುವುದು ಇಲ್ಲಿನ ವಿಶೇಷ. ಪ್ರತಿ ನಾಯಕಿಗೂ ಅವಳದೇ ರಾಗವಿದೆ. ಯಕ್ಷಗಾನದಲ್ಲಿ ವೇಷವು ಒಡ್ಡೋಲಗದ ಕುಣಿತದಿಂದಲೇ ತನ್ನ ಗುರುತನ್ನು ಹೇಳುವಂತೆ, ಇಲ್ಲಿ ನಾಯಕಿ ತನ್ನ ರಾಗದೊಡನೆ ರಂಗಕ್ಕೆ ಬರುತ್ತಾಳೆ.

ಮೂರನೆಯದು ವ್ಯಾವಹಾರಿಕವಾದ ಕಾರಣ. ೨೦೦೨ರ ಯಂತ್ರಗಳಿಗೆ ತಕ್ಕಂತೆ ರಚಿತವಾದ ಈ ಆಟಕ್ಕೆ ಬೆಲೆಬಾಳುವ ಯಂತ್ರ ಬೇಕಿಲ್ಲ. ಅಣ್ಣನಿಂದ ತಮ್ಮನಿಗೆ ಬಂದ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಇದನ್ನು ಆಡಬಹುದು. ನಮ್ಮೂರುಗಳ ವಿದ್ಯಾರ್ಥಿಗಳಿಗೆ ಇದು ಸಣ್ಣ ಸಂಗತಿಯಲ್ಲ.

೫

ಇನ್ನು ಕೊರತೆಗಳು. ಇವುಗಳನ್ನು ಅಭಿಮಾನಿಗಳು ಮರೆಸುವುದುಂಟು. ಆದರೆ ವಿಮರ್ಶೆಗೆ ದಾಕ್ಷಿಣ್ಯ ಸಲ್ಲದು.

ಮೊದಲನೆಯದಾಗಿ, ಆಟವು ತನ್ನ ನಿಯಮಗಳನ್ನು ತಾನು ಹೇಳುವುದಿಲ್ಲ. ಪಾತ್ರದ ಇಡೀ ದೇಹಕ್ಕೆ ಗುಂಡು ತಗಲುವುದಿಲ್ಲ, ನಡುವಿನ ಚಿಕ್ಕದೊಂದು ಮರ್ಮಸ್ಥಾನಕ್ಕೆ ತಗಲಿದರೆ ಮಾತ್ರ ಸಾವು. ಆದರೆ ಈ ಮರ್ಮಸ್ಥಾನವನ್ನು ಪರದೆಯ ಮೇಲೆ ತೋರಿಸಿಯೇ ಇಲ್ಲ. ಹೊಸಬನು ತಾನು ಏಕೆ ಸತ್ತೆನೆಂದೂ ಏಕೆ ಬದುಕಿದೆನೆಂದೂ ಅರಿಯದೆ ಹೋಗುತ್ತಾನೆ. ಕಾರಣ ತಿಳಿಯದ ಸೋಲಿನಿಂದ ಕಲಿಯುವುದೇನೂ ಇಲ್ಲ.

ಎರಡನೆಯದಾಗಿ, ಅದು ದುರ್ಬಲನನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ. ಒಂದು ಜೀವ ಹೋದಾಗ ಕೂಡಿಸಿದ ಶಕ್ತಿಯ ಒಂದು ಪಾಲೂ ಹೋಗುತ್ತದೆ. ಎಲ್ಲಿ ಸೋತನೋ ಅಲ್ಲಿಯೇ, ಮೊದಲಿಗಿಂತ ಕಡಮೆ ಬಲದಿಂದ, ಮತ್ತೆ ಹೋರಾಡಬೇಕು. ಸುಲಭದ ಮಟ್ಟವನ್ನು ಆರಿಸಿಕೊಂಡವನಿಗೆ ಐದನೆಯ ಘಟ್ಟದಲ್ಲಿಯೇ ಆಟ ಮುಗಿದು, ಕೊನೆಯ ನಾಯಕಿಯ ದರ್ಶನವೇ ಆಗುವುದಿಲ್ಲ. ಅದಕ್ಕಿಂತ ಮೇಲಿನ ಮಟ್ಟಗಳಲ್ಲಿ ಜೀವಗಳು ತೀರಿದ ಮೇಲೆ ಮುಂದುವರಿಯಲು ಅವಕಾಶವಿದ್ದರೂ, ಅದನ್ನು ಬಳಸಿದವನಿಗೆ ಕಥೆಯ ಒಳ್ಳೆಯ ಮುಕ್ತಾಯ ದೊರೆಯದು. ಮೊದಲ ಪಾಠದಲ್ಲಿ ಎಡವಿದವನನ್ನು ಹೊರಗೆ ನಿಲ್ಲಿಸುವ ಉಪಾಧ್ಯಾಯನ ರೀತಿ ಇದು.

ಮೂರನೆಯದಾಗಿ, ಚಿತ್ರಗಾರಿಕೆ ಸಂಗೀತದ ಮಟ್ಟಕ್ಕೆ ಏರಿಲ್ಲ. ಪಾತ್ರಗಳ ಚಿತ್ರಗಳಲ್ಲಿ ಅಂಗಾಂಗಗಳ ಪ್ರಮಾಣ ತಪ್ಪಿದೆ. ಕೈಗಳಂತೂ ನಗೆ ತರಿಸುತ್ತವೆ. ಕಥೆಯ ಬಹುಭಾಗವು ಆಟದೊಳಗಿರದೆ ಜೊತೆಗಿಟ್ಟ ಬರಹದ ಕಡತದಲ್ಲಿದೆ. ಅದೂ ಜಪಾನೀ ಭಾಷೆಯಲ್ಲಿರುವುದರಿಂದ ನಮ್ಮ ಕಡೆಯ ಆಟಗಾರರು ಅಭಿಮಾನಿಗಳು ಮಾಡಿದ ಇಂಗ್ಲಿಷ್ ಅನುವಾದವನ್ನೇ ಆಶ್ರಯಿಸಬೇಕಾಗಿದೆ.

೬

ಈ ಗುಣಗಳೂ ದೋಷಗಳೂ ಬೇರೆಬೇರೆ ಮೂಲದಿಂದ ಬಂದವೆಂದು ತಿಳಿಯುವುದು ಸರಿಯಲ್ಲ. ನಮ್ಮ ಜಿಲ್ಲೆಯಲ್ಲಿಯೇ ಎರಡು ಬಗೆಯ ಉತ್ಪಾದನೆಯ ನಿದರ್ಶನಗಳಿವೆ. ೧೯೨೩ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಕಡೆಯಿಂದ ಅದಿರು ಬರುತ್ತಿತ್ತು, ಮಲೆನಾಡಿನ ಕಾಡುಗಳಿಂದ ಇದ್ದಲಿಗೆ ಸೌದೆ ಬರುತ್ತಿತ್ತು. ಕುಲುಮೆಯ ಬಳಿ ನಿಂತವನು ಬೇರೆ, ಅಚ್ಚು ಹೊಯ್ದವನು ಬೇರೆ, ಪರೀಕ್ಷಿಸಿದವನು ಬೇರೆ. ಅಲ್ಲಿ ಒಬ್ಬನ ತಪ್ಪನ್ನು ಮತ್ತೊಬ್ಬನು ಹಿಡಿಯುತ್ತಾನೆ. ಆದರೆ ಹೊರಬಂದ ಕಬ್ಬಿಣದ ಮೇಲೆ ಯಾರ ಕೈಗುರುತೂ ಇರುವುದಿಲ್ಲ. ಸಾಗರ, ಸೊರಬಗಳ ಗುಡಿಗಾರನು ಗಂಧದ ಕೊರಡಿನ ಮುಂದೆ ಕುಳಿತಾಗ ಸ್ಥಿತಿಯೇ ಬೇರೆ. ಉಳಿಯ ಪ್ರತಿ ಗೀರಿನಲ್ಲಿಯೂ ಅವನ ಕೈ ಕಾಣುತ್ತದೆ. ಕೈ ತಪ್ಪಿದರೆ ಆ ತಪ್ಪೂ ಅಲ್ಲಿಯೇ ಉಳಿಯುತ್ತದೆ.

ಓಟಾನ ಕೃತಿ ಎರಡನೆಯ ಜಾತಿಯದು. ರಾಗ ಕಟ್ಟಿದವನೇ ಗುಂಡುಗಳ ದಾರಿಯನ್ನೂ ಎಳೆದುದರಿಂದ ಅವೆರಡೂ ಒಂದಾಗಿ ಕೂಡಿದವು. ಅವನೇ ಚಿತ್ರ ಬರೆದುದರಿಂದ ಕೈಗಳು ಸೊಟ್ಟಾದವು. ಈ ಜಾತಿಯ ಆಟಗಳಲ್ಲಿ ಪಳಗಿದವರಿಗಾಗಿ ಪಳಗಿದವನೇ ರಚಿಸಿದುದರಿಂದ ಮರ್ಮಸ್ಥಾನವನ್ನು ತೋರಿಸಬೇಕೆಂಬುದು ಹೊಳೆಯಲಿಲ್ಲವೆಂದು ಊಹಿಸಬಹುದು. ‘ಹೊಸಬನಿಗೆ ಇದು ತಿಳಿಯುವುದೇ?’ ಎಂದು ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಅಂತೆಯೇ, ‘ಇಷ್ಟು ಕಷ್ಟವಾದರೆ ಮಾರಾಟವಾಗದು’ ಎಂದು ತಡೆಯಲೂ ಯಾರೂ ಇರಲಿಲ್ಲ.

ಆದರೆ ಈತನು ತನ್ನ ದೋಷಗಳಿಗೆ ಕುರುಡನಾಗಿರಲಿಲ್ಲ. ಮರುವರ್ಷದ ಏಳನೆಯ ಆಟದಲ್ಲಿ, ನಿಧಾನವಾಗಿ ಚಲಿಸುವಾಗ ಮರ್ಮಸ್ಥಾನ ಕಾಣುವಂತೆ ಮಾಡಿದನು. ೨೦೦೪ರ ಎಂಟನೆಯದರಲ್ಲಿ ಕಷ್ಟವಾದ ಒಂದೊಂದೇ ಆಕ್ರಮಣವನ್ನು ಬೇರೆಯಾಗಿ ಅಭ್ಯಾಸ ಮಾಡುವ ಅನುಕೂಲ ಕಲ್ಪಿಸಿದನು. ೨೦೧೫ರ ಆಟವೊಂದರಲ್ಲಿ, ಸೋತವನು ಆ ಚಿಕ್ಕ ಭಾಗದ ಮೊದಲಿನಿಂದಲೇ ಮತ್ತೆ ಪ್ರಯತ್ನಿಸುವ ಹೊಸ ಕ್ರಮವನ್ನು ತಂದನು. ಅಲ್ಲದೆ ತನ್ನ ಪಾತ್ರಗಳನ್ನೂ ರಾಗಗಳನ್ನೂ ಇತರರು ಕೆಲವು ಕಟ್ಟುಪಾಡುಗಳಿಗೆ ಒಳಪಟ್ಟು ಬಳಸಲು ಅನುಮತಿ ಕೊಟ್ಟನು. ೧೯೯೮ರ ಆಟವೊಂದಕ್ಕೆ ಅವನು ಕಟ್ಟಿದ ‘ಬ್ಯಾಡ್ ಆ್ಯಪಲ್’ ಎಂಬ ರಾಗವನ್ನು ಇತರರು ಹಾಡಾಗಿಸಿ, ೨೦೦೯ರಲ್ಲಿ ಅದಕ್ಕೆ ತೊಗಲುಗೊಂಬೆಯಾಟವನ್ನು ನೆನಪಿಸುವ ಕಪ್ಪುಬಿಳುಪಿನ ನೆರಳುಚಿತ್ರ ರಚಿಸಿದರು. ಆಟವನ್ನೇ ಕಾಣದ ಅಸಂಖ್ಯ ಜನ ಆ ಚಿತ್ರವನ್ನು ಬಲ್ಲರು.

೭

ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಎರಡು ವಿಚಾರಗಳು ಮುಖ್ಯ. ಒಂದು, ಈ ಆಕರಗಳು ಕಲ್ಲಿಗಿಂತ ಬೇಗ ಅಳಿಯುತ್ತವೆ. ಮಾಲಿಕೆಯ ಮೊದಲ ಐದು ಆಟಗಳಿಗೆ ಆಧಾರವಾದ ಯಂತ್ರದ ತಯಾರಿಕೆ ನಿಂತುಹೋಗಿದೆ. ಅದನ್ನು ಅನುಕರಿಸುವ ಕ್ರಮವಿಧಿಗಳ ಮೂಲಕವೇ ಅವುಗಳನ್ನು ಇಂದು ಹೆಚ್ಚಾಗಿ ಆಡುತ್ತಾರೆ. ಈ ಆರನೆಯದೂ ಸೆಕೆಂಡಿಗೆ ೬೦ ಚಿತ್ರಗಳ ಲೆಕ್ಕದಲ್ಲಿ ರಚಿತವಾಗಿದ್ದು, ಅದಕ್ಕಿಂತ ವೇಗದ ಹೊಸ ಪರದೆಗಳ ಮೇಲೆ ಅದರ ಗತಿ ಕೆಡುವುದುಂಟು. ಎರಡು, ಒಂದು ನಾಡಿನ ಮರೆತ ದೈವಗಳಿಗೆ ಒಬ್ಬ ವಿದ್ಯಾರ್ಥಿ, ತನ್ನ ಬಿಡುವಿನ ವೇಳೆಯಲ್ಲಿ, ಹೊಸ ಮನೆ ಕಟ್ಟಿಕೊಟ್ಟನು. ನಮ್ಮ ಚೌಡಿ, ಭೂತಪ್ಪರ ಕಥೆಗಳನ್ನು ಬಲ್ಲ ಹುಡುಗರು ಶಿವಮೊಗ್ಗ, ಭದ್ರಾವತಿಗಳ ತರಗತಿಗಳಲ್ಲಿಯೂ ಇದ್ದಾರೆ. ಅವರ ಕೈಯಲ್ಲಿಯೂ ಯಂತ್ರವಿದೆ.

ಇಷ್ಟಾದರೂ ಈ ಆಟವು ಕಾಲವನ್ನು ನುಂಗುತ್ತದೆಂಬ ನಮ್ಮ ಮೊದಲ ಆಕ್ಷೇಪಣೆ ಸುಳ್ಳಲ್ಲ. ಪರೀಕ್ಷೆಯ ಹಿಂದಿನ ದಿನ ಇದನ್ನು ಹಿಡಿದವನನ್ನು ಯಾವ ವಿಮರ್ಶೆಯೂ ಕಾಪಾಡಲಾರದು. ಸುಳ್ಳಾದುದು, ನೋಡದೆ ಹೇಳಿದ ಆ ಒಂದೇ ಮಾತಿನ ತೀರ್ಪು. ಈಗ ಆ ವಿದ್ಯಾರ್ಥಿ ಅದೇ ಪ್ರಶ್ನೆಯನ್ನು ಕೇಳಿದರೆ ನಾವು ಪಕ್ಕದಲ್ಲಿ ಕುಳಿತು, ‘ಮೂರನೆಯ ಘಟ್ಟವನ್ನು ದಾಟುವುದು ಹೇಗಪ್ಪಾ, ಸ್ವಲ್ಪ ತೋರಿಸು’ ಎನ್ನುವೆವು. ನಾವು ಇನ್ನೂ ಅಲ್ಲಿಯೇ ಇದ್ದೇವೆ.